ವಾರಕ್ಕೊಮ್ಮೆ ಗಾಳಿಯಲ್ಲೇ ಭೇಟಿ: ಹ್ಯಾಮ್ ರೇಡಿಯೋ ‘ನೆಟ್’ ಅಂದ್ರೆ ಏನು? ನಮಗೇನು ಉಪಯೋಗ?

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕಡೆ ಟೆರೇಸ್ ಮೇಲೆ ನೀರಿನ ಟ್ಯಾಂಕ್ ಪಕ್ಕ ಒಂದು ಕಂಬ, ಅದರ ತುದಿಗೆ ಉದ್ದನೆಯ ಕಡ್ಡಿಯಂಥ ಆಂಟೆನಾ ಕಂಡರೆ, ‘ಇವರಿನ್ನೂ ಹಳೇ ಟಿವಿ ಆಂಟೆನಾ ತೆಗೆದಿಲ್ವಲ್ಲ’ ಅಂದ್ಕೊಬೇಡಿ. ಆ ಮನೆಯಲ್ಲಿ ಸರ್ಕಾರದಿಂದ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋ ಆಪರೇಟರ್ ಇರಬಹುದು. ಇವರನ್ನೇ ‘ಹ್ಯಾಮ್’ ಅನ್ನೋದು. ಈ ಹ್ಯಾಮ್‌ಗಳು ವಾರಕ್ಕೊಂದು ಸಲ ಗೊತ್ತಾದ ಹೊತ್ತಿಗೆ, ಗೊತ್ತಾದ ಫ್ರೀಕ್ವೆನ್ಸಿಯಲ್ಲಿ ಸೇರಿ ಮಾತಾಡುತ್ತಾರೆ. ಅದಕ್ಕೆ ‘ನೆಟ್’ ಅಂತ ಹೆಸರು. ಇಂಟರ್ನೆಟ್‌ಗೂ ಇದಕ್ಕೂ ಸಂಬಂಧ ಇಲ್ಲ.

ನೆಟ್ ಹೇಗೆ ನಡೆಯುತ್ತೆ?

ಫೋನಿನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಬಹುದು. ರೇಡಿಯೋದಲ್ಲಿ ಹಾಗಾಗಲ್ಲ. ಬಟನ್ ಒತ್ತಿದರೆ ಮಾತು, ಬಿಟ್ಟರೆ ಮಾತ್ರ ಕೇಳೋದು. ಇಬ್ಬರು ಒಟ್ಟಿಗೆ ಒತ್ತಿದರೆ ಯಾರದ್ದೂ ಸರಿಯಾಗಿ ಕೇಳಲ್ಲ. ಅದಕ್ಕೇ ಒಬ್ಬರು ‘ನೆಟ್ ಕಂಟ್ರೋಲರ್’ ಆಗಿ ಕೂರುತ್ತಾರೆ. ಸಭೆಗೆ ಅಧ್ಯಕ್ಷರಿದ್ದ ಹಾಗೆ.

ಮೊದಲು ಒಬ್ಬೊಬ್ಬರಾಗಿ ಹಾಜರಿ ಹೇಳಬೇಕು. ಇದು ‘ಚೆಕ್-ಇನ್’. ಹೆಸರಿಗಿಂತ ಮುಖ್ಯ ಕಾಲ್‌ಸೈನ್, ಅಂದರೆ ಸರ್ಕಾರ ಕೊಟ್ಟ ಗುರುತಿನ ಸಂಖ್ಯೆ. ಭಾರತದಲ್ಲಿ ಜನರಲ್ ದರ್ಜೆಯವರದ್ದು ವಿಯು2 ಅಂತಲೂ, ರಿಸ್ಟ್ರಿಕ್ಟೆಡ್ ದರ್ಜೆಯವರದ್ದು ವಿಯು3 ಅಂತಲೂ ಶುರುವಾಗುತ್ತೆ. ಗದ್ದಲದಲ್ಲಿ ಅಕ್ಷರ ತಪ್ಪಾಗಿ ಕೇಳಬಾರದು ಅಂತ ಅದನ್ನು ಬಿಡಿಸಿ ಹೇಳುತ್ತಾರೆ. ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್‌ನ ವಿಯು2ಎಆರ್‌ಸಿ ಎಂಬ ಕಾಲ್‌ಸೈನ್ ರೇಡಿಯೋದಲ್ಲಿ ‘ವಿಕ್ಟರ್ ಯೂನಿಫಾರ್ಮ್ ಟೂ ಆಲ್ಫಾ ರೋಮಿಯೋ ಚಾರ್ಲಿ’ ಆಗುತ್ತೆ.

ಹಾಜರಿ ಮುಗಿದ ಮೇಲೆ ಸರದಿ ಪ್ರಕಾರ ಮಾತು. ನಿಮ್ಮ ಕಡೆ ಮಳೆ ಹೇಗಿದೆ, ನನ್ನ ಸಿಗ್ನಲ್ ಹೇಗೆ ಬರ್ತಿದೆ, ಹೊಸ ಆಂಟೆನಾ ಕೆಲಸ ಮಾಡ್ತಾ, ಹುಷಾರಿಲ್ಲ ಅಂತಿದ್ರಲ್ಲ ಈಗ ಹೇಗಿದ್ದೀರಿ... ಇಂಥವೇ. ಮಾತು ಮುಗಿದರೆ ‘ಓವರ್’. ನಡುವೆ ತುರ್ತಿನ ವಿಷಯ ಇದ್ದವರು ‘ಬ್ರೇಕ್’ ಅನ್ನಲಿ ಅಂತ ಪ್ರತಿ ಸರದಿಯ ಮಧ್ಯೆ ಎರಡು ಸೆಕೆಂಡ್ ಬಿಡುತ್ತಾರೆ. ಕೊನೆಗೆ ‘73’. ಇದು ತಂತಿ ಕಾಲದಿಂದ ಬಂದ ಸಂಕೇತ, ‘ಶುಭಾಶಯ’ ಅಂತ ಅರ್ಥ.

ಕೆಂಗೇರಿಯಿಂದ ರಾಜಾಜಿನಗರಕ್ಕೆ ಕೇಳುತ್ತಾ?

ಊರೊಳಗಿನ ಮಾತಿಗೆ ಹೆಚ್ಚಾಗಿ ಬಳಸೋದು 144ರಿಂದ 146 ಮೆಗಾಹರ್ಟ್ಸ್ ನಡುವಿನ ‘2 ಮೀಟರ್ ಬ್ಯಾಂಡ್’. ಈ ತರಂಗ ಹೆಚ್ಚುಕಮ್ಮಿ ನೇರ ದಾರಿಯಲ್ಲಿ ಹೋಗುತ್ತೆ. ಕೈಯಲ್ಲಿ ಹಿಡಿಯುವ ಸೆಟ್‌ನ ಶಕ್ತಿ ಸಾಮಾನ್ಯವಾಗಿ 5 ವಾಟ್ ಅಷ್ಟೇ. ವೃಷಭಾವತಿ ಕಣಿವೆಯ ತಗ್ಗಿನಲ್ಲಿ ನಿಂತು ಮಾತಾಡಿದರೆ ಮಧ್ಯದ ದಿಣ್ಣೆ, ಅಪಾರ್ಟ್‌ಮೆಂಟ್‌ಗಳು ಅಡ್ಡ ಬರುತ್ತವೆ. ಇದಕ್ಕೆ ಪರಿಹಾರ ರಿಪೀಟರ್. ಎತ್ತರದ ಜಾಗದಲ್ಲಿ ಕೂತಿರುವ ಈ ಯಂತ್ರ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡಿದ್ದನ್ನು ಆ ಕ್ಷಣವೇ ಇನ್ನೊಂದರಲ್ಲಿ ಹೆಚ್ಚು ಶಕ್ತಿಯಿಂದ ಬಿತ್ತರಿಸುತ್ತೆ. ರಿಪೀಟರ್ ಕೆಟ್ಟರೆ? ಅದಿಲ್ಲದೆ ಯಾರಿಗೆ ಯಾರು ಕೇಳಿಸ್ತಾರೆ ಅನ್ನೋದು ಮೊದಲೇ ಗೊತ್ತಿರಬೇಕು. ವಾರವಾರ ಮಾತಾಡಿದರೆ ಅದು ತಾನಾಗೇ ಗೊತ್ತಾಗುತ್ತೆ.

ಬರೀ ಹರಟೆಯಾ?

ಮೇಲ್ನೋಟಕ್ಕೆ ಹರಟೆ. ಒಳಗೆ ಅದು ತಾಲೀಮು. ಬ್ಯಾಟರಿ ಚಾರ್ಜ್ ನಿಲ್ಲುತ್ತಾ, ಮಳೆಗೆ ಕೇಬಲ್ ಒಳಗೆ ನೀರು ಹೋಗಿದೆಯಾ, ಯಾವ ಬೀದಿಯಲ್ಲಿ ಯಾರಿದ್ದಾರೆ ಅನ್ನೋದೆಲ್ಲ ವಾರಕ್ಕೊಮ್ಮೆ ಪರೀಕ್ಷೆ ಆಗುತ್ತೆ. ದೊಡ್ಡ ಅನಾಹುತ ಆದಾಗ ಎಲ್ಲರೂ ಒಟ್ಟಿಗೆ ಫೋನ್ ಮಾಡಿ ಲೈನ್ ಜಾಮ್ ಆಗುತ್ತೆ. ಕರೆಂಟ್ ಹೋಗಿ ಬ್ಯಾಕಪ್ಪೂ ಮುಗಿದರೆ ಮೊಬೈಲ್ ಟವರ್ ನಿಲ್ಲುತ್ತೆ. ಆದರೆ ಹ್ಯಾಮ್ ಸೆಟ್‌ಗೆ ಕಾರಿನ 12 ವೋಲ್ಟ್ ಬ್ಯಾಟರಿ ಸಾಕು.

2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಇದು ಕಣ್ಣೆದುರೇ ಸಾಬೀತಾಯಿತು. ಹೈದರಾಬಾದ್‌ನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೋದ ಭಾರತಿ ಪ್ರಸಾದ್ ಅವರ ತಂಡ ಹವ್ಯಾಸದ ಪ್ರಸಾರಕ್ಕೆಂದು ಆಗ ಪೋರ್ಟ್ ಬ್ಲೇರ್‌ನಲ್ಲಿತ್ತು. ಅಂಡಮಾನ್‌ನ ಫೋನ್ ಸಂಪರ್ಕ ಹದಗೆಟ್ಟಾಗ, ದ್ವೀಪದಲ್ಲಿ ಸಿಕ್ಕಿಕೊಂಡವರ ಕ್ಷೇಮ ಸಮಾಚಾರ ಅದೇ ಸೆಟ್‌ಗಳಿಂದ ದೇಶದ ಇತರ ಹ್ಯಾಮ್‌ಗಳ ಮೂಲಕ ಮನೆಗಳಿಗೆ ತಲುಪಿತು. ಹಾಗಂತ ಹ್ಯಾಮ್‌ಗಳು 112ಕ್ಕೆ ಬದಲಿ ಅಲ್ಲ. ಬೇರೆ ದಾರಿ ಮುಚ್ಚಿದಾಗ ಉಳಿಯುವ ಒಂದು ದಾರಿ.

ಬೆಂಗಳೂರಿನ ನಂಟು

ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್ ಶುರುವಾಗಿದ್ದು 1959ರಲ್ಲಿ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಕೂಡ ನಮ್ಮ ಊರಿನದೇ. ಇಸ್ರೋದಲ್ಲೂ ‘ಉಪಗ್ರಹ ಅಮೆಚೂರ್ ರೇಡಿಯೋ ಕ್ಲಬ್’ ಇದೆ. ಹ್ಯಾಮ್‌ಗಳಿಗಾಗಿಯೇ ಇಸ್ರೋ ಕಟ್ಟಿದ ‘ಹ್ಯಾಮ್‌ಸ್ಯಾಟ್’ ಉಪಗ್ರಹ 2005ರ ಮೇ 5ರಂದು ಕಾರ್ಟೋಸ್ಯಾಟ್-1 ಜೊತೆ ಪಿಎಸ್‌ಎಲ್‌ವಿಯಲ್ಲಿ ಹಾರಿತು. ಅದರ ತೂಕ ಸುಮಾರು 42.5 ಕೆಜಿ. 2014ರವರೆಗೆ ಅದು ಕೆಲಸ ಮಾಡಿತು.

ಅಂಗಡಿಯವರು ಗಮನಿಸಿ

ಗೋಡೌನ್‌ಗೂ ಅಂಗಡಿಗೂ ಮಾತಾಡಲು ಹ್ಯಾಮ್ ಸೆಟ್ ಬಳಸುವ ಹಾಗಿಲ್ಲ. ಹ್ಯಾಮ್ ಬ್ಯಾಂಡಿನಲ್ಲಿ ವ್ಯಾಪಾರದ ಮಾತು, ಜಾಹೀರಾತು, ಹಾಡು ಹಾಕೋದು, ಗುಪ್ತ ಸಂಕೇತ ಯಾವುದಕ್ಕೂ ಅವಕಾಶ ಇಲ್ಲ. ಕಡಿಮೆ ಬೆಲೆಗೆ ಸಿಗುತ್ತೆ ಅಂತ ಆನ್‌ಲೈನ್‌ನಲ್ಲಿ ವಾಕಿಟಾಕಿ ತರಿಸೋ ಮುಂಚೆ ಅದು ಯಾವ ಫ್ರೀಕ್ವೆನ್ಸಿಯದು, ಕೇಂದ್ರದ ಅನುಮೋದನೆ ಇದೆಯಾ ಅಂತ ನೋಡಿ. 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ, ಅನುಮೋದಿತ ಸೆಟ್‌ಗಳಿಗೆ 2018ರ ನಿಯಮದಂತೆ ಲೈಸೆನ್ಸ್ ಬೇಡ. ಬೇರೆ ಫ್ರೀಕ್ವೆನ್ಸಿಯ ಸೆಟ್‌ಗಳಿಗೆ ಸಾಮಾನ್ಯವಾಗಿ ಲೈಸೆನ್ಸ್ ಬೇಕೇ ಬೇಕು. ಈ ಮಾಹಿತಿ ಕೊಡದೆ ವಾಕಿಟಾಕಿ ಮಾರುತ್ತಿದ್ದ ಆನ್‌ಲೈನ್ ತಾಣಗಳಿಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರ ಮೇನಲ್ಲಿ ನೋಟಿಸ್ ಕೊಟ್ಟಿತ್ತು.

ಸೇರಬೇಕು ಅಂದ್ರೆ?

12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ಎಂಜಿನಿಯರಿಂಗ್ ಓದಿರಲೇಬೇಕು ಅಂತೇನಿಲ್ಲ. ಪರೀಕ್ಷೆ ನಡೆಸಿ ಲೈಸೆನ್ಸ್ ಕೊಡೋದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಅರ್ಜಿ ‘ಸರಳ್ ಸಂಚಾರ್’ ಪೋರ್ಟಲ್‌ನಲ್ಲಿ. ರಿಸ್ಟ್ರಿಕ್ಟೆಡ್ ದರ್ಜೆಗೆ ರೇಡಿಯೋದ ಮೂಲ ಪಾಠ ಮತ್ತು ನಿಯಮಗಳು ಗೊತ್ತಿದ್ದರೆ ಸಾಕು. ಜನರಲ್ ದರ್ಜೆಗೆ ಜೊತೆಗೆ ಮೋರ್ಸ್ ಸಂಕೇತವೂ ಬೇಕು, ನಿಮಿಷಕ್ಕೆ 8 ಪದದ ವೇಗದಲ್ಲಿ. ಲೈಸೆನ್ಸ್ 20 ವರ್ಷಕ್ಕೆ ಅಥವಾ ಜೀವಮಾನಕ್ಕೆ ಸಿಗುತ್ತೆ.

ಅರ್ಜಿ ಹಾಕೋ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಬೀದಿಯಲ್ಲಿ ಹ್ಯಾಮ್ ಯಾರಾದರೂ ಇದ್ದರೆ ಹೋಗಿ ಮಾತಾಡಿಸಿ, ನೆಟ್ ನಡೆಯೋ ದಿನ ಪಕ್ಕದಲ್ಲಿ ಕೂತು ಕೇಳಿ. ಬಾಡಿಗೆ ಮನೆಯ ಟೆರೇಸ್ ಮೇಲೆ ಆಂಟೆನಾ ಹಾಕಲು ಅವರು ಓನರ್ ಒಪ್ಪಿಗೆಗೆ ಕಾಯುತ್ತಿರಬಹುದು. ನೀವೇ ಆ ಓನರ್ ಆಗಿದ್ದರೆ, ಲೈಸೆನ್ಸ್ ತೋರಿಸಿ ಅಂತ ಕೇಳಿ, ಕಂಬ ಗಟ್ಟಿ ಇದೆಯಾ, ಕರೆಂಟ್ ತಂತಿಗೆ ದೂರ ಇದೆಯಾ ಅಂತ ನೋಡಿ. ಎಲ್ಲ ಸರಿ ಇದ್ದರೆ ಹೂಂ ಅನ್ನಿ. ಫೋನ್ ಸತ್ತ ದಿನ ಇಡೀ ಬೀದಿಗೆ ಬೇಕಾಗೋದು ಆ ಕಂಬವೇ.