ಕೌದಿ, ವಾಗಾ ಮತ್ತು ಇಪ್ಪತ್ತು ಕಿಲೋ ಸಾಮಾನು

ಈ ಸಲ ಸಂಪಾದಕರು ಫೋನ್ ಮಾಡಿ, "ಡಾಕ್ಟರೇ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಲ್ಲ ಆಯಿತು. ಎರಡು ಪುಟ ಖಾಲಿ ಇದೆ, ಬೇರೆ ಏನಾದರೂ ಬರೆದುಕೊಡಿ" ಎಂದರು. ಹೀಗಾಗಿ ಈ ಬಾರಿ ಹೊದಿಕೆಯ ಇತಿಹಾಸ. ನಗಬೇಡಿ, ವಿಷಯ ನೀವು ತಿಳಿದಷ್ಟು ಸಣ್ಣದಲ್ಲ.

ಕೆಲವು ವರ್ಷಗಳ ಹಿಂದೆ ಇಲ್ಲೇ ಲಿವರ್‌ಪೂಲಿನ ಆಚೆ, ತೊಂಬತ್ತರ ಹತ್ತಿರದ ಒಬ್ಬ ಅಜ್ಜಿಯನ್ನು ಮನೆಗೇ ಹೋಗಿ ನೋಡಬೇಕಾಗಿ ಬಂತು. ಕುರ್ಚಿಯಲ್ಲಿ ಕೂತಿದ್ದ ಅವರ ಮೊಣಕಾಲ ಮೇಲೆ ಒಂದು ತೇಪೆ ಹೊದಿಕೆ. ಮೇಲೆ ಗಂಡಸರ ಸೂಟಿನ ಬಟ್ಟೆಯ ಬೂದು, ಕಂದು ಚೌಕಗಳು, ಒಳಗೆ ಏನೋ ದಪ್ಪ. ಕಾಲಿನ ಊತ ನೋಡಲು ಅಂಚನ್ನು ಎತ್ತಿದೆ, ಹೊಲಿಗೆ ಕಣ್ಣಿಗೆ ಬಿತ್ತು. ಉದ್ದುದ್ದ ಓಟದ ಹೊಲಿಗೆ, ಒಂದೊಂದು ಎಳೆ ಸೊಟ್ಟ. ನಮ್ಮ ಅವ್ವನ ಕೈಹೊಲಿಗೆಯೇ! "ಅದೊಂದು ವಾಗಾ ಅಷ್ಟೇ ಡಾಕ್ಟರ್, ನಮ್ಮಮ್ಮ ಮಾಡಿದ್ದು" ಎಂದರು ಅಜ್ಜಿ, ಸ್ವಲ್ಪ ಸಂಕೋಚದಿಂದಲೇ. ಆ ಸಂಕೋಚ ನನಗೆ ಚೆನ್ನಾಗಿ ಗೊತ್ತಿದ್ದದ್ದು. ಯಾಕೆಂದು ಆಮೇಲೆ ಹೇಳುತ್ತೇನೆ.

ಹ್ಯೂಮ್ ಹೈವೇ ಹಿಡಿದು ಹೋಗಿ ಸ್ಟರ್ಟ್ ಹೈವೇಗೆ ತಿರುಗಿದರೆ, ಇಲ್ಲಿಂದ ಸುಮಾರು 450 ಕಿಲೋಮೀಟರ್ ದೂರದಲ್ಲಿ ವಾಗಾ ವಾಗಾ ಪಟ್ಟಣ. ಅಲ್ಲಿನ ಹಿಟ್ಟಿನ ಗಿರಣಿಯ ಚೀಲಗಳಿಂದಲೇ ಈ ಹೊದಿಕೆಗೆ ಹೆಸರು ಬಂತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಮೊದಮೊದಲು ಕುರಿಯ ಉಣ್ಣೆ ಕತ್ತರಿಸುವವರು, ದನ ಹೊಡೆಯುವವರು, ಕೆಲಸ ಹುಡುಕಿ ಊರೂರು ಅಲೆಯುವವರು ಎರಡು ಮೂರು ಚೀಲ ಬಿಡಿಸಿ, ಹುರಿಯಿಂದ ಹೊಲಿದು ಹೊದ್ದುಕೊಳ್ಳುತ್ತಿದ್ದರು. ಮನೆಯ ಹೆಂಗಸರು ಅದನ್ನೇ ತಿದ್ದಿದರು. ಒಳಗೆ ಚೀಲ, ಹಳೆಯ ಕಂಬಳಿ, ಹರಿದ ಸ್ವೆಟರ್. ಮೇಲೆ ದರ್ಜಿಗಳು ಮಾದರಿಗೆಂದು ಕೊಡುವ ಬಟ್ಟೆಯ ತುಂಡುಗಳು, ಹಳೆಯ ಪರದೆ. 1930ರ ದಶಕದ ಮುಗ್ಗಟ್ಟಿನಲ್ಲಿ, ಅದರಲ್ಲೂ 1932ರ ಸುಮಾರಿಗೆ ಈ ದೇಶದ ಕೆಲಸಗಾರರಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಜನ ಮನೆಯಲ್ಲಿ ಕೂತಿದ್ದಾಗ, ಎಷ್ಟೋ ಮಕ್ಕಳು ಚಳಿ ಕಳೆದದ್ದು ವಾಗಾದ ಒಳಗೇ. ಟಂಬರಂಬಾ ಎಂಬ ಸಣ್ಣ ಊರಿನ ಪಯೊನಿಯರ್ ವಿಮೆನ್ಸ್ ಹಟ್ ಎಂಬ ಮ್ಯೂಸಿಯಂನವರು ಇಂಥ ಹೊದಿಕೆಗಳಿಗೆ ರಾಷ್ಟ್ರೀಯ ದಾಖಲೆಯನ್ನೇ ಮಾಡಿದ್ದಾರೆ. ಯಾರು ಹೊಲಿದರು, ಯಾವ ಬಟ್ಟೆ, ಯಾರ ಮದುವೆಗೆ, ಎಲ್ಲ ಬರೆದಿಟ್ಟಿದ್ದಾರೆ.

ತೇಪೆ ಹೊದಿಕೆಗೆ ಈ ದೇಶದಲ್ಲಿ ಇನ್ನೂ ಹಳೆಯ ಕಥೆ ಉಂಟು. 1841ರಲ್ಲಿ 'ರಾಜಾ' ಎಂಬ ಹಡಗು (ಹೆಸರು ನಮ್ಮದೇ!) ಸುಮಾರು 180 ಮಂದಿ ಕೈದಿ ಹೆಂಗಸರನ್ನು ತುಂಬಿಕೊಂಡು ಇಂಗ್ಲೆಂಡಿನಿಂದ ಹೋಬಾರ್ಟ್‌ಗೆ ಬಂತು. ಎಲಿಜಬೆತ್ ಫ್ರೈ ಅವರ ಮಹಿಳಾ ಸಂಘ ಕೊಟ್ಟ ಸೂಜಿ, ದಾರ, ಬಟ್ಟೆ ಚೂರುಗಳಿಂದ ಆ ಹೆಂಗಸರು ಸಮುದ್ರದ ಮೇಲೆ 2,815 ತುಂಡುಗಳ ಒಂದು ಹೊದಿಕೆ ಹೊಲಿದರು. ಸ್ಕಾಟ್ಲೆಂಡಿನ ಒಂದು ಅಟ್ಟದಲ್ಲಿ ಸಿಕ್ಕಿದ ಅದು 1989ರಿಂದ ಕ್ಯಾನ್‌ಬೆರಾದ ನ್ಯಾಷನಲ್ ಗ್ಯಾಲರಿಯಲ್ಲಿದೆ. ಬಹಳ ಸೂಕ್ಷ್ಮವಾದ್ದರಿಂದ ಯಾವಾಗಲೂ ಹೊರಗಿಡುವುದಿಲ್ಲ. ನೋಡಹೋಗುವವರು ಮೊದಲೇ ವಿಚಾರಿಸಿ ಹೋಗುವುದು ಒಳ್ಳೆಯದು.

ಇನ್ನು ನಮ್ಮ ಕೌದಿ. ಬೆಂಗಳೂರು, ಮೈಸೂರಿನ ಕಡೆಯ ಮಿತ್ರರಿಗೆ ಇದು ಅಷ್ಟು ಪರಿಚಯ ಇರಲಿಕ್ಕಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರದ ಕಡೆ ಕೌದಿಯಿಲ್ಲದ ಮನೆಯೇ ಇರಲಿಲ್ಲ. ಸುಗ್ಗಿ ಮುಗಿದು ಬೇಸಿಗೆ ಬಂದರೆ ಅಂಗಳದಲ್ಲಿ ಹಳೆಯ ಸೀರೆ, ಧೋತರ, ಅಂಗಿಗಳ ರಾಶಿ. ಸೀರೆ ಹರವಿ, ಮಧ್ಯೆ ಚಿಂದಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ ನಾಲ್ಕು ಜನ ನಾಲ್ಕು ಕಡೆ ಕೂತು ಹೊಲಿಯುತ್ತಿದ್ದರು. ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುವ ಹೆಂಗಸರೂ ಇದ್ದರು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರ ಕೈಯಲ್ಲಿ ಇದು ಬೇರೆಯೇ ಕಲೆಯಾಗಿದೆ. ಅವರು ಒಂದು ಮೂಲೆಯಿಂದ ಶುರುಮಾಡಿ ಅಂಚಿನ ಸುತ್ತ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆ ಮಡಿಚಿದ ತ್ರಿಕೋನದ 'ಹೂವು' ಇಡುತ್ತಾರೆ. ಹೂವಿಲ್ಲದ ಕೌದಿ ಬತ್ತಲೆ ಎಂದು ಅವರ ಲೆಕ್ಕ. ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಬಂದು ಇದನ್ನು ಅಭ್ಯಾಸಮಾಡಿದ ಮೇಲೆ ಈ ಕೌದಿಗಳು ಹೊರದೇಶದ ಮ್ಯೂಸಿಯಂಗಳನ್ನೂ ಕಂಡವು.

ಎರಡೂ ದೇಶಗಳ ಅಜ್ಜಿಯರಿಗೆ ಬಟ್ಟೆಯ ಬೆಲೆ ಕಲಿಸಿದ್ದು ಎರಡನೇ ಮಹಾಯುದ್ಧ. ಆಸ್ಟ್ರೇಲಿಯದಲ್ಲಿ ರೇಷನ್ ಇತ್ತು ಎಂದರೆ ನಮ್ಮ ಮಕ್ಕಳು ನಂಬುವುದಿಲ್ಲ. 1942ರ ಜೂನ್‌ನಲ್ಲಿ ಬಟ್ಟೆಗೆ, ಜುಲೈನಲ್ಲಿ ಚಹಕ್ಕೆ, ಆಗಸ್ಟ್‌ನಲ್ಲಿ ಸಕ್ಕರೆಗೆ, 1943ರಲ್ಲಿ ಬೆಣ್ಣೆಗೆ, 1944ರಲ್ಲಿ ಮಾಂಸಕ್ಕೆ ಕೂಪನ್ ಬಂತು. ಬಟ್ಟೆಗೆ ತಲಾ ವರ್ಷಕ್ಕೆ 112 ಕೂಪನ್. ಗಂಡಸರ ಒಂದು ಸೂಟಿಗೇ 38 ಖರ್ಚು, ಒಂದು ಜೊತೆ ಕಾಲುಚೀಲಕ್ಕೆ 4. ಚಹ ಐದು ವಾರಕ್ಕೆ ಅರ್ಧ ಪೌಂಡ್. ಸಕ್ಕರೆ ಹದಿನೈದು ದಿನಕ್ಕೆ ಎರಡು ಪೌಂಡ್, ಅಂದರೆ ಹತ್ತಿರ ಹತ್ತಿರ ಒಂದು ಕಿಲೋ. (ಅದು ನಾನು ಇವತ್ತು ನನ್ನ ರೋಗಿಗಳಿಗೆ ಕೊಡುವ ರೇಷನ್ನಿಗಿಂತ ಎಷ್ಟೋ ಹೆಚ್ಚು!) ಜಾನ್ ಡೆಡ್‌ಮನ್ ಎಂಬ ಮಂತ್ರಿ ಸೂಟಿನ ಒಳಕೋಟನ್ನು ತೆಗೆಸಿದರು, ಶರ್ಟಿನ ಬಾಲ ಮೊಟಕು ಮಾಡಿಸಿದರು, ಮದುವೆಯ ಕೇಕಿಗೆ ಗುಲಾಬಿ ಬಣ್ಣದ ಐಸಿಂಗ್ ಕೂಡದೆಂದರು. ಜನ ಬೈದರು, ಆದರೆ ಬದುಕಿದರು. ಚಹ, ಬೆಣ್ಣೆಯ ಕೂಪನ್ ಹೋದದ್ದು 1950ರಲ್ಲಿ.

ಆಗ ನಮ್ಮ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಮುಂಬಯಿ ನಗರಕ್ಕೆ 1943ರ ಮೇ ತಿಂಗಳಲ್ಲಿ ಧಾನ್ಯದ ರೇಷನ್ ಬಂತು. ಅದೇ ವರ್ಷ ಹತ್ತಿ ಬಟ್ಟೆ, ನೂಲಿಗೂ ಕಂಟ್ರೋಲ್. ಬಂಗಾಳದಲ್ಲಿ ಅದೇ ವರ್ಷ ಸುಮಾರು ಮೂವತ್ತು ಲಕ್ಷ ಜನ ಹಸಿವಿನಿಂದ, ಅದರ ಬೆನ್ನಿಗೇ ಬಂದ ರೋಗಗಳಿಂದ ಸತ್ತರು. ಆದ್ದರಿಂದ ಎರಡು ದೇಶಗಳ ಮಿತವ್ಯಯವನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಒಪ್ಪಿಗೆಯಿಲ್ಲ. ಇಲ್ಲಿ ಹೊಟ್ಟೆ ತುಂಬಿದ ಮೇಲಿನ ಕಟ್ಟುನಿಟ್ಟು, ಅಲ್ಲಿ ಹೊಟ್ಟೆಯದೇ ಪ್ರಶ್ನೆ. ನಮ್ಮಜ್ಜಿ ಸಾಯುವವರೆಗೂ "ಕಂಟ್ರೋಲ್ ಕಾಲದಾಗ" ಎಂದೇ ಮಾತು ತೆಗೆಯುತ್ತಿದ್ದಳು.

ನಾನು ಹುಟ್ಟಿದ ಮೇಲೂ ರೇಷನ್ ಕಾರ್ಡ್ ಇತ್ತು. ಸೊಸೈಟಿ ಅಂಗಡಿಯ ಮುಂದೆ ಸೀಮೆಎಣ್ಣೆಯ ಡಬ್ಬಿ ಇಟ್ಟು ಸರದಿ ಕಾದವರು ನಮ್ಮ ಸಂಘದಲ್ಲಿ ಇನ್ನೂ ಹಲವರಿದ್ದಾರೆ. ಅಣ್ಣನ ಪ್ಯಾಂಟು ನನಗೆ, ನನ್ನದು ಚೀಲಕ್ಕೆ, ಚೀಲ ಕೌದಿಗೆ. ಇದನ್ನು ನಾವು ಈಗ ಹಾಡಿ ಹೊಗಳುತ್ತೇವೆ. ಆದರೆ ಅವ್ವ ನಲವತ್ತು ವ್ಯಾಟಿನ ಬಲ್ಬಿನ ಕೆಳಗೆ ಬಗ್ಗಿ ಬಗ್ಗಿ ಹೊಲಿದಳು. ಅವಳ ಕುತ್ತಿಗೆ ನೋವು ಏನೆಂದು ನನಗೆ ತಿಳಿದದ್ದು ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಮೂರನೇ ವರ್ಷಕ್ಕೆ ಬಂದಾಗ.

ಹೊಲಿಗೆ ಮಷಿನ್ ವಿಷಯ ಬಿಡುವಂತಿಲ್ಲ. ಯಂತ್ರಗಳನ್ನು ಒಪ್ಪದ ಗಾಂಧೀಜಿ ಕೂಡ 1924ರಲ್ಲಿ ಸಿಂಗರ್ ಮಷಿನ್‌ಗೆ ವಿನಾಯಿತಿ ಕೊಟ್ಟರು. 1999ರಲ್ಲಿ ನಾವಿಬ್ಬರು ಲಿವರ್‌ಪೂಲಿನ ಬಾಡಿಗೆ ಯುನಿಟ್ಟಿಗೆ ಬಂದಾಗ, ನಾನು ಪರೀಕ್ಷೆಗೆ ಓದುತ್ತಾ ಸಂಬಳವಿಲ್ಲದೆ ಕೂತಿದ್ದೆ. ನನ್ನ ಹೆಂಡತಿ ಹಳೆಯ ಸಾಮಾನಿನ ಅಂಗಡಿಯಲ್ಲಿ ಮೂವತ್ತು ಡಾಲರಿಗೆ ಒಂದು ಸಿಂಗರ್ ತಂದು ಬ್ಲೌಸ್ ಹೊಲಿದು ಕೊಡಲು ಶುರುಮಾಡಿದಳು. ಆಮೇಲೆ ತಿಳಿಯಿತು, ಅದು ಇಲ್ಲೇ ಪೆನ್ರಿತ್‌ನಲ್ಲಿ ತಯಾರಾದದ್ದು. 1959ರಿಂದ 1967ರವರೆಗೆ ಸಿಂಗರ್ ಕಂಪನಿಯ ಕಾರ್ಖಾನೆ ಅಲ್ಲಿತ್ತು. ನಾನು ರೆಸಿಡೆಂಟ್ ಆಗಿ ಮೊದಲ ಸಂಬಳ ತರುವವರೆಗೆ ಮನೆಯ ಅಕ್ಕಿ ಬೇಳೆ ಬಂದದ್ದು ಆ ಮಷಿನ್‌ನಿಂದ. ಇದನ್ನು ಈವರೆಗೆ ನಾನು ಸಭೆಯಲ್ಲಿ ಹೇಳಿರಲಿಲ್ಲ.

ತರಕಾರಿ ಬೆಳೆಯಲು ಕಲಿಸಿದ್ದು ಪಕ್ಕದ ಮನೆಯ ಇಟಾಲಿಯನ್ ಅಜ್ಜಿ. ಫೆಬ್ರವರಿಯಲ್ಲಿ ಅವರ ಗರಾಜಿನಲ್ಲಿ ಟೊಮೇಟೊ ಕುದಿಸಿ ಬಾಟಲಿ ತುಂಬುವ ಸಂಭ್ರಮ ಥೇಟ್ ನಮ್ಮ ಸಂಡಿಗೆ ಹಪ್ಪಳದ ದಿನದಂತೆ. ಸೆಪ್ಟೆಂಬರ್ ಕಳೆದ ಮೇಲೆ ಹಾಕಿದ ಹೀರೆ, ದಂಟು, ಬೆಂಡೆ ಇಲ್ಲಿ ಚೆನ್ನಾಗಿ ಬರುತ್ತವೆ. ಮೆಂತ್ಯಕ್ಕೆ ತಂಪು ಕಾಲವೇ ಸರಿ. ಕರಿಬೇವಿಗೆ ಮಾತ್ರ ನಮ್ಮ ಪಶ್ಚಿಮ ಸಿಡ್ನಿಯ ಇಬ್ಬನಿ ಚಳಿ ಆಗದು, ಕುಂಡದಲ್ಲಿಟ್ಟು ಒಳಗೆ ತನ್ನಿ. ಡಾಕ್ಟರಾಗಿ ಎರಡು ಮಾತು. ಕುಂಡದ ಮಣ್ಣಿನ ಚೀಲವನ್ನು ಮುಖದ ಹತ್ತಿರ ಹಿಡಿದು ಒಡೆಯಬೇಡಿ, ನೀರು ಚಿಮುಕಿಸಿ. ಅದರಲ್ಲಿ ನ್ಯುಮೋನಿಯ ತರುವ ಲೀಜನೆಲ್ಲಾ ಜಾತಿಯ ಕ್ರಿಮಿ ಇರಬಹುದು. ಹಳೆಯ ಮನೆಗಳ ಅಂಗಳದಲ್ಲಿ ಹಿಂದಿನ ಬಣ್ಣ, ಪೆಟ್ರೋಲಿನ ಸೀಸ ಉಳಿದಿರುತ್ತದೆ. ತೋಟದ ಮಣ್ಣಿಗೆ ಇಲ್ಲಿನ ಮಿತಿ ಕಿಲೋಗೆ 300 ಮಿಲಿಗ್ರಾಂ. ಮಕ್ಕಳಿರುವವರು ಸೊಪ್ಪು ಬಿತ್ತುವ ಮೊದಲು ಪರೀಕ್ಷೆ ಮಾಡಿಸಿ. 2013ರಲ್ಲಿ ಮಕ್ವಾರಿ ವಿಶ್ವವಿದ್ಯಾಲಯದವರು ಇದಕ್ಕಾಗಿಯೇ ಒಂದು ಯೋಜನೆ ಶುರುಮಾಡಿದ್ದರು.

ಈಗ ಆ ಸಂಕೋಚದ ವಿಷಯ. 1999ರಲ್ಲಿ ಹೊರಡುವಾಗ ಅವ್ವ ನನಗಾಗಿ ಹೊಲಿದ ಕೌದಿಯನ್ನು ಪೆಟ್ಟಿಗೆಯ ಪಕ್ಕ ತಂದಿಟ್ಟಿದ್ದಳು. ವಿಮಾನದಲ್ಲಿ ಇಪ್ಪತ್ತು ಕಿಲೋ ಮಾತ್ರ. ವೈದ್ಯಕೀಯ ಪುಸ್ತಕಗಳ ತೂಕ ಮುಂದೆ ಮಾಡಿದೆ. ನಿಜ ಹೇಳಬೇಕೆಂದರೆ, ಸಿಡ್ನಿಯಲ್ಲಿ ಯಾರಾದರೂ ಆ ಚಿಂದಿ ನೋಡಿದರೆ ಏನೆಂದಾರು ಎಂಬ ನಾಚಿಕೆ. ಅವ್ವನಿಗೆ ಅದು ತಿಳಿಯದೆ ಇರಲಿಲ್ಲ. "ಪುಸ್ತಕಾ ಒಯ್ಯಿ ತಮ್ಮಾ. ಕೌದಿ ಎಲ್ಲಿ ಹೊಕ್ಕತಿ, ಇಲ್ಲೇ ಇರತೈತಿ" ಎಂದಳು. ಆ ಜುಲೈನಲ್ಲಿ ಲಿವರ್‌ಪೂಲಿನಲ್ಲಿ ತೆಳ್ಳನೆಯ ಹೊದಿಕೆಯೊಳಗೆ ನಾವಿಬ್ಬರೂ ನಡುಗಿದೆವು.

2011ರಲ್ಲಿ ಅವ್ವ ಹೋದಳು. ಕಾರ್ಯ ಮುಗಿಸಿ ಹೊರಡುವಾಗ ತಂಗಿಯನ್ನು ಕೇಳಿದೆ. ಕೌದಿ ಜೋಳದ ಚೀಲಗಳ ಮೇಲೆ ಹೊದಿಸಿತ್ತು. ಒಂದು ಮೂಲೆ ಇಲಿ ಕಡಿದಿತ್ತು. ನನ್ನ ಶಾಲೆಯ ಖಾಕಿ ಚಡ್ಡಿಯ ತುಂಡು ಮಧ್ಯದಲ್ಲಿ ಹಾಗೇ ಇತ್ತು. ಒಗೆದು, ಬಿಸಿಲಿಗೆ ಹಾಕಿ ತಂದೆ. ಸಿಡ್ನಿ ವಿಮಾನ ನಿಲ್ದಾಣದಲ್ಲಿ ಫಾರ್ಮಿನಲ್ಲಿ ಬರೆದು ತೋರಿಸಿದಾಗ ಅಧಿಕಾರಿಣಿಯೊಬ್ಬಳು ಅದನ್ನು ಮೇಜಿನ ಮೇಲೆ ಹರವಿ, ಹೊಲಿಗೆಯ ಸಂದಿಯಿಂದ ಐದು ಜೋಳದ ಕಾಳುಗಳನ್ನು ಚಿಮಟದಿಂದ ಹೆಕ್ಕಿ ಡಬ್ಬಿಗೆ ಹಾಕಿ, ಕೌದಿಯನ್ನು ಮಡಿಚಿ ನನ್ನ ಕೈಗೆ ಕೊಟ್ಟಳು. ಇಲಿ ಕಡಿದ ಮೂಲೆಗೆ ನನ್ನ ಹೆಂಡತಿ ಪೆನ್ರಿತ್ ಮಷಿನ್ ಬಿಟ್ಟು ಕೈಸೂಜಿಯಲ್ಲೇ ತೇಪೆ ಹಾಕಿದಳು. ಬಟ್ಟೆ ನನ್ನ ಹಳೆಯ ಆಸ್ಪತ್ರೆ ಶರ್ಟಿನದು.