ಕಸಿ ಹಲ್ಲು ಮತ್ತು ಹಣೆಬರಹ

ಮೂಳೆ ಲೋಹವನ್ನು ತನ್ನದೆಂದು ಒಪ್ಪಿಕೊಳ್ಳುವುದುಂಟೆ? 1950ರ ದಶಕದಲ್ಲಿ ಸ್ವೀಡನ್ನಿನ ವಿಜ್ಞಾನಿ ಪೆರ್-ಇಂಗ್ವಾರ್ ಬ್ರೊನೆಮಾರ್ಕ್, ಮೂಳೆಯೊಳಗಿನ ರಕ್ತಸಂಚಾರವನ್ನು ನೋಡಲೆಂದು ಮೊಲದ ಕಾಲಿನಲ್ಲಿ ಟೈಟಾನಿಯಂ ಉಪಕರಣವೊಂದನ್ನು ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ಕೀಳಲು ಹೋದರೆ ಅದು ಬರಲೇ ಇಲ್ಲ. ಮೂಳೆ ಅದಕ್ಕೆ ಬೆಸೆದುಕೊಂಡಿತ್ತು. 1965ರಲ್ಲಿ ಗೊಸ್ಟಾ ಲಾರ್ಸನ್ ಎಂಬುವರ ದವಡೆಗೆ ಅವರು ಟೈಟಾನಿಯಂ ಬೇರುಗಳನ್ನು ಹಾಕಿದರು. 2006ರಲ್ಲಿ ಲಾರ್ಸನ್ ತೀರಿಕೊಳ್ಳುವವರೆಗೂ ಅವು ಕೆಲಸ ಮಾಡಿದವು.

ಎಲ್ಲರಿಗೂ ಈ ಭಾಗ್ಯವಿಲ್ಲ. ಕೆಲವರಲ್ಲಿ ಕಸಿ ಹಲ್ಲಿನ ಸುತ್ತಲಿನ ಮೂಳೆ ಮೆಲ್ಲನೆ ಕರಗುತ್ತದೆ. ಇದು ಹುಟ್ಟಿನಿಂದಲೇ ಬಂದ ದೋಷವೆ?

1997ರಲ್ಲಿ ಕೆನೆತ್ ಕಾರ್ನ್‌ಮನ್ ಮತ್ತು ಸಂಗಡಿಗರು ಒಂದು ಸುಳಿವು ಕೊಟ್ಟರು. ಉರಿಯೂತವನ್ನು ಹೆಚ್ಚಿಸುವ ಇಂಟರ್‌ಲ್ಯೂಕಿನ್-1 ಎಂಬ ಪ್ರೋಟೀನಿನ ಜೀನ್‌ಗಳಲ್ಲಿ ಒಂದು ಬಗೆಯ ವ್ಯತ್ಯಾಸವಿದ್ದವರಲ್ಲಿ ವಸಡಿನ ರೋಗ ಉಗ್ರವಾಗಿತ್ತು. ಆದರೆ ಗಮನಿಸಿ, ಈ ನಂಟು ಕಂಡದ್ದು ಧೂಮಪಾನ ಮಾಡದವರಲ್ಲಿ ಮಾತ್ರ.

ಅದು ಸಹಜ ಹಲ್ಲಿನ ಮಾತಾಯಿತು. ಕಸಿ ಹಲ್ಲಿನಲ್ಲೂ ಹಾಗೆಯೇ ಏನೋ ಎಂದು ಹಲವರು ಹುಡುಕಿದರು. ಸಿಕ್ಕ ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ. 2017ರಲ್ಲಿ ಚಿಕಾಗೋದಲ್ಲಿ ಸೇರಿದ ವಿಶ್ವದ ತಜ್ಞರು ಬಲವಾದ ಆಧಾರವಿದೆ ಎಂದು ಎತ್ತಿ ಹೇಳಿದ ಕಾರಣಗಳು ಬೇರೆಯೇ: ಹಿಂದೆ ಕಾಡಿದ ತೀವ್ರ ವಸಡುರೋಗ, ಹಲ್ಲಿನ ಮೇಲೆ ಕಟ್ಟುವ ಪಾಚಿ, ದಂತವೈದ್ಯರಲ್ಲಿ ನಿಯಮಿತ ತಪಾಸಣೆ ಮಾಡಿಸದಿರುವುದು.

ಆದ್ದರಿಂದ ಓದುಗರೇ, "ನಮ್ಮ ವಂಶವೇ ಹೀಗೆ" ಎಂದು ಯಾರಾದರೂ ಕೈಚೆಲ್ಲಿದರೆ ಒಪ್ಪಬೇಡಿ. ಜೀನ್‌ನ ಪಾತ್ರ ಇದ್ದರೂ ಇರಬಹುದು. ಬ್ರಶ್ ಮಾತ್ರ ನಿಮ್ಮ ಕೈಯಲ್ಲೇ ಇದೆ.