ಬಸ್ಸಿನ ಕವರು, ಗೋಡೆಯ ಕ್ಯಾಲೆಂಡರು, ಕಿಸೆಯ ಡೈರಿ

ಇಮೇಲ್, ಕ್ಯಾಲೆಂಡರ್, ಕಾಂಟ್ಯಾಕ್ಟ್ಸ್ ಮೂರನ್ನೂ ಒಂದೇ ತಂತ್ರಾಂಶದಲ್ಲಿ ಕೂಡಿಸಿದ ಔಟ್‌ಲುಕ್ ಬಂದದ್ದು 1997ರಲ್ಲಿ. ಆಗ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ವರದಿಗಾರರ ಬಳಿಯೂ ಈ ಮೂರೂ ಇದ್ದವು, ಆದರೆ ಬೇರೆ ಬೇರೆ ಕಡೆ. ಸುದ್ದಿ ಬೆಳಗಾವಿ, ಹುಬ್ಬಳ್ಳಿಗೆ ಹೋಗುತ್ತಿದ್ದುದು ಕಂಡಕ್ಟರ್ ಕೈಗಿಟ್ಟ ಕವರಿನಲ್ಲಿ. ಜಾತ್ರೆ, ಸಂತೆ, ಅಮಾವಾಸ್ಯೆ ಗೋಡೆಯ ಮೇಲೆ. ನಂಬರುಗಳು ಕಿಸೆಯ ಡೈರಿಯಲ್ಲಿ. ಬಸ್ಸು ತಪ್ಪಿದರೆ ಸುದ್ದಿ ಒಂದು ದಿನ ಹಳತು.

ದೇಶದಲ್ಲಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಜನರಿಗೆ ಇಂಟರ್‌ನೆಟ್ ಕೊಟ್ಟಿತು. ಮರುವರ್ಷ ಜುಲೈಯಲ್ಲಿ ಹಾಟ್‌ಮೇಲ್ ಉಚಿತ ಇಮೇಲ್ ತಂದಿತು. ನಮ್ಮ ಊರುಗಳಿಗೆ ಅದು ತಲುಪಿದ್ದು ಸೈಬರ್ ಕೆಫೆಗಳ ಮೂಲಕ, ತಡವಾಗಿ. ತಲುಪಿದ ಮೇಲೂ ತೊಡಕಿತ್ತು. ಬರಹ, ನುಡಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಆ ಕಡೆ ಅದೇ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಇತ್ತು. ಆದರೂ ಪತ್ರಿಕೆಯ ಪುಟ ಕಟ್ಟುವವರು ಹಳೆಯ ಫಾಂಟ್ ಬಿಡಲಿಲ್ಲ. ಹೀಗಾಗಿ ನಾವು ಕನ್ನಡ ಸುದ್ದಿಯನ್ನು ಫೈಲ್ ಮಾಡಿ ಅಂಟಿಸಿ, ಮೇಲೆ ಇಂಗ್ಲಿಷ್‌ನಲ್ಲಿ ಎರಡು ಸಾಲು ಬರೆಯುವುದನ್ನು ಕಲಿತೆವು. ನಮ್ಮದೇ ಭಾಷೆಗೆ ಇಂಗ್ಲಿಷ್ ಕಾವಲುಗಾರ!

ಕ್ಯಾಲೆಂಡರ್‌ನದು ಬೇರೆ ಕಥೆ. ಚಿಂಚಲಿ ಮಾಯಕ್ಕಾದೇವಿ ಜಾತ್ರೆ ಭರತ ಹುಣ್ಣಿಮೆಗೆ. ಆ ಹುಣ್ಣಿಮೆ 2024ರಲ್ಲಿ ಫೆಬ್ರುವರಿ 24ಕ್ಕೆ, 2025ರಲ್ಲಿ 12ಕ್ಕೆ ಬಂತು. ಫೋನಿನಲ್ಲಿ 'ಪ್ರತಿ ವರ್ಷ' ಎಂದು ಒತ್ತಿ ಕೂತವರಿಗೆ ಜಾತ್ರೆ ಮುಗಿದ ಮೇಲೆ ಗಂಟೆ ಹೊಡೆಯುತ್ತದೆ. ಯುಗಾದಿಗೆ ಹೊಸ ಪಂಚಾಂಗ ಬಿಡಿಸಿ ವರ್ಷದ ಜಾತ್ರೆಗಳನ್ನು ಒಂದೊಂದಾಗಿ ತುಂಬುವುದೇ ಸರಿ, ಅರ್ಧ ತಾಸಿನ ಕೆಲಸ.

ಎಲ್ಲಕ್ಕಿಂತ ಬೆಲೆಬಾಳುವುದು ಕಾಂಟ್ಯಾಕ್ಟ್ಸ್. ನಮ್ಮ ನದಿಗಳ ನೀರು ಮಹಾರಾಷ್ಟ್ರದಿಂದ ಬರುತ್ತದೆ. ಕೊಯ್ನಾದಿಂದ ಎಷ್ಟು ಬಿಟ್ಟರು, ಶಿರೋಳ ತಾಲ್ಲೂಕಿನ ರಾಜಾಪುರ ಬ್ಯಾರೇಜಿನಲ್ಲಿ ಎಷ್ಟು ಕ್ಯೂಸೆಕ್ ಎಂದು ಗಡಿಯಾಚೆ ಕೇಳಿದರೆ, ಕೃಷ್ಣಾ ದಂಡೆಯ ಊರುಗಳಿಗೆ ಮೊದಲೇ ಎಚ್ಚರಿಕೆ ಕೊಡಬಹುದು. 2005ರಲ್ಲಿ, 2019ರ ಆಗಸ್ಟ್‌ನಲ್ಲಿ ಈ ನಂಬರುಗಳೇ ಸುದ್ದಿಯಾಗಿದ್ದವು. ಆದರೆ ಹುಡುಕಿದರೆ ಸಿಗಬೇಕಲ್ಲ? ಒಂದೇ ಊರು ಚಿಕೋಡಿ, ಚಿಕ್ಕೋಡಿ. 2014ರ ನವೆಂಬರ್ 1ರ ತನಕ ಬೆಳಗಾಂ, ಆಮೇಲೆ ಬೆಳಗಾವಿ. ನಿಪ್ಪಾಣಿ, ಕಾಗವಾಡ ತಾಲ್ಲೂಕಾದ ಮೇಲೂ ಅಲ್ಲಿಯ ಅಧಿಕಾರಿ ಫೋನಿನಲ್ಲಿ ಚಿಕ್ಕೋಡಿ, ಅಥಣಿ ಎಂದೇ ಉಳಿದರು. ಹೆಸರು, ಹುದ್ದೆ, ಊರು ಮೂರನ್ನೂ ಬೇರೆ ಬೇರೆ ಜಾಗದಲ್ಲಿ, ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ತುಂಬಿ. ಅಧಿಕಾರಿಗೆ ವರ್ಗವಾದರೆ ಹುದ್ದೆಯನ್ನಷ್ಟೇ ಬದಲಿಸಿದರಾಯಿತು.

ಇನ್ನೊಂದು. ನಮ್ಮಲ್ಲೊಬ್ಬರಿಗೆ ಕಚೇರಿ ಕೊಟ್ಟಿದ್ದ ಇಮೇಲ್ ಖಾತೆ ಕೆಲಸ ಬಿಟ್ಟ ದಿನವೇ ಬಂದ್ ಆಯಿತು, ಎಂಟು ವರ್ಷದ ನಂಬರುಗಳೂ ಅದರ ಜತೆಗೇ ಹೋದವು. ಹಾಗಾಗಿ ಖಾತೆ ನಿಮ್ಮ ಸ್ವಂತದ್ದಿರಲಿ. ತಿಂಗಳಿಗೊಮ್ಮೆ ಕಾಂಟ್ಯಾಕ್ಟ್ಸ್ ಅನ್ನು ವಿಕಾರ್ಡ್ ಫೈಲಾಗಿ ಇಳಿಸಿಕೊಳ್ಳಿ, ಹೆಚ್ಚಿನ ಕಾಂಟ್ಯಾಕ್ಟ್ಸ್ ತಂತ್ರಾಂಶಗಳು ಅದನ್ನು ಓದುತ್ತವೆ. ಮಳೆಗಾಲಕ್ಕೆ ಮುಂಚೆ ನೀರಾವರಿ, ಕಂದಾಯ, ಪೊಲೀಸ್ ನಂಬರುಗಳನ್ನು ಕಾಗದದ ಮೇಲೂ ಮುದ್ರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಳ್ಳಿ. ಹೊಳೆ ಬಂದಾಗ ಮೊದಲು ಹೋಗುವುದು ಕರೆಂಟು.